ದೊಡ್ಡಪ್ಪನ ಮೇಲೆ ದೂರು

ಆ ಸೇನಾ ಶಿಬಿರದ ಲಾರಿ ಯಾರ್ಡಿನಲ್ಲಿ ಅವಳನ್ನು ಎಲ್ಲರೂ ಡ್ರೈವರಮ್ಮ ಎನ್ನುತ್ತಿದ್ದರು. ಗಡಿ ಠಾಣೆಗಳಿಗೆ ಸಾಮಾನು ಒಯ್ಯುವ ಸಾಲಿನಲ್ಲಿ ಎಲ್ಲಕ್ಕೂ ಮುಂದಿನ ಲಾರಿ ಅವಳದೇ ಆಗಿತ್ತು. ಹೆರಿಗೆ ರಜೆ ಮುಗಿಸಿ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದು ನೀರಿನ ಟ್ಯಾಂಕರ್. ಬೋರ್‌ವೆಲ್ಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬೋರ್‌ವೆಲ್ಲಿಗೆ.

ಮೊದಮೊದಲು ಅವಳಿಗೂ ಅದೇ ಹಾಯೆನಿಸಿತು. ನಡುವೆ ಮನೆಗೆ ಹೋಗಿ ಮಗುವಿಗೆ ಹಾಲೂಡಿಸಿ ಬರಬಹುದಿತ್ತು. ಆದರೆ ಮಗು ಮನೆ ತುಂಬ ಓಡಾಡತೊಡಗಿದ ಮೇಲೂ ಟ್ಯಾಂಕರ್ ತಪ್ಪಲಿಲ್ಲ. ಗಡಿ ದಾರಿಯಲ್ಲಿ ಓಡಿಸದವರಿಗೆ ಬಡ್ತಿಯಿಲ್ಲವಾದ್ದರಿಂದ ಆ ವರ್ಷದ ಬಡ್ತಿ ಅವಳ ಜೊತೆಗಾರನ ಪಾಲಾಯಿತು. ಅವನಿಗೂ ಅಷ್ಟೇ ವಯಸ್ಸಿನ ಕೂಸಿತ್ತು.

ಯಾರ್ಡಿನ ಮುಖ್ಯ ಅಧಿಕಾರಿಗೆ ದೊಡ್ಡಪ್ಪ ಎಂದೇ ಅಡ್ಡಹೆಸರು. ಅವಳು ಹೋಗಿ ಮತ್ತೆ ಗಡಿ ದಾರಿಗೆ ಹಾಕಿ ಎಂದು ಕೇಳಿದಾಗ ಅವರು ಕುರ್ಚಿ ತೋರಿಸಿದರು.

"ಕೂತ್ಕೊಳ್ಳಮ್ಮ. ನಿನ್ ಕೆಲ್ಸಕ್ಕೆ ಹೆಸ್ರಿಡೋ ಹಾಗಿಲ್ಲ. ಆದ್ರೆ ಎಳೆ ಮಗು ತಾಯಿನ ಆ ದಾರಿಗೆ ಕಳ್ಸಿ, ನಾಳೆ ಏನಾದ್ರೂ ಆದ್ರೆ ನಾನು ಯಾವ ಮುಖ ಇಟ್ಕೊಂಡು ತಿರುಗ್ಲಿ?"

ಅವಳು ಸೆಲ್ಯೂಟ್ ಹೊಡೆದು ಹೊರಬಂದಳು. ಹೆರಿಗೆ ನೋವು ಬಂದಾಗ ತಮ್ಮ ಜೀಪಿನಲ್ಲೇ ಅವಳನ್ನು ಆಸ್ಪತ್ರೆ ಮುಟ್ಟಿಸಿದ್ದವರು ಇವರೇ.

ಮನೆಯಲ್ಲಿ ಗಂಡ, "ದೂರು ಕೊಡು, ನೋಡೇ ಬಿಡೋಣ" ಎಂದ. ಅಕ್ಕ, "ತಲೆ ಕೆಟ್ಟಿದ್ಯಾ? ಕಷ್ಟಕ್ಕಾದೋರ ಮೇಲೇ ದೂರಾ?" ಎಂದಳು. ಇಬ್ಬರು ಹೇಳಿದ್ದೂ ಸರಿಯೆನಿಸುತ್ತಿತ್ತು. ಪಾತ್ರೆ ತೊಳೆಯುವಾಗ ಕೊಟ್ಟೇ ಬಿಡಬೇಕು ಎಂದುಕೊಂಡವಳಿಗೆ ಬೂಟು ಕಟ್ಟುವ ಹೊತ್ತಿಗೆ ಬೇಡವಾಗುತ್ತಿತ್ತು.

ಹಾಗೇ ತೂಗಾಡುತ್ತಲೇ ಒಂದು ದಿನ ದೂರು ಕೇಳುವ ಮೇಡಂ ಕೋಣೆಗೆ ಹೋದಳು.

"ಅವ್ರು ನಿನ್ನ ಬೈದ್ರಾ? ಹೀಯಾಳಿಸಿದ್ರಾ?"

"ಇಲ್ಲ ಮೇಡಂ. ತುಂಬಾ ಒಳ್ಳೆಯವ್ರು."

"ಮತ್ಯಾಕೆ ಬಂದೆ?"

ಡ್ರೈವರಮ್ಮ ಟೋಪಿಯನ್ನು ಕೈಯಲ್ಲೇ ತಿರುಗಿಸಿದಳು. "ನಂಗೂ ಸರಿಯಾಗಿ ಗೊತ್ತಿಲ್ಲ ಮೇಡಂ. ಅಪ್ಪ ಆದ ಡ್ರೈವರ್‌ನ ಯಾರೂ ಟ್ಯಾಂಕರ್‌ಗೆ ಹಾಕ್ಲಿಲ್ಲ. ಅಷ್ಟೇ."

"ಅಷ್ಟು ಸಾಕು," ಎಂದು ಮೇಡಂ ಪೆನ್ನು ತೆಗೆದರು.

ವಿಚಾರಣೆಯಲ್ಲಿ ದೊಡ್ಡಪ್ಪ ತಪ್ಪು ಒಪ್ಪಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಮಗಳು ಅಂದ್ಕೊಂಡಿದ್ದೆ" ಎಂದರು, ಅಷ್ಟೆ. ಮೇಲಿನವರು ಅವರಿಗೆ ಎಚ್ಚರಿಕೆ ಕೊಟ್ಟರು. ಅವಳಿಗೆ ಗಡಿ ದಾರಿಯ ಲಾರಿ ಕೊಟ್ಟರು. ಗೆದ್ದೆನೆಂದು ಅವಳಿಗೆ ಅನಿಸಲಿಲ್ಲ. ಸೋತೆನೆಂದೂ ಅಲ್ಲ.

ಹೊರಡುವ ಬೆಳಿಗ್ಗೆ ಅವರೇ ಬಂದು ಅವಳ ಲಾರಿಯ ಟೈರುಗಳನ್ನು ಒದ್ದು ನೋಡಿದರು. ಅವಳ ಮುಖ ನೋಡದೆ, "ತಿರುವಲ್ಲಿ ಹುಷಾರು" ಎಂದರು. ಅದು ಎಲ್ಲ ಡ್ರೈವರುಗಳಿಗೂ ಹೇಳುವ ಮಾತೋ, ತನಗೊಬ್ಬಳಿಗೇ ಹೇಳಿದ್ದೋ ತಿಳಿಯದೆ ಅವಳು "ಆಯ್ತು ಸರ್" ಎಂದು ಲಾರಿ ಸ್ಟಾರ್ಟ್ ಮಾಡಿದಳು.