ಮೊದಲಿನಂಗ ಕೆಡಿಸಿ ಕೊಡ್ರಿ

ಆಳಂದ ಬಸ್ ಸ್ಟ್ಯಾಂಡ್ ಎದುರು ನಾನು ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದೆ. ನನ್ನ ಕೈಗೆ ಬಂದ ಮಷೀನು ಸರಿಯಾಗದೇ ವಾಪಸ್ ಹೋಗಿಲ್ಲ ಅನ್ನೋ ಸೊಕ್ಕಿತ್ತು.

ಒಮ್ಮೆ ಸರಸಂಬಾದಲ್ಲಿ ಭಜನೆ ಹಾಡುವ ಯಜಮಾನರೊಬ್ಬರು ಹೆಗಲಿಗೆ ತೂಗುಹಾಕುವ ಸಣ್ಣ ಟೇಪ್ ತಂದು, ‘ಒಮ್ಮೊಮ್ಮೆ ನಿಂತೇ ಬಿಡ್ತದ, ನೋಡ್ರಿ’ ಅಂದರು. ಬಿಚ್ಚಿದರೆ ಒಳಗೆ ಕ್ಯಾಸೆಟ್ ತಿರುಗಿಸುವ ಕಂಪನಿ ಬೆಲ್ಟೇ ಇಲ್ಲ! ಅದು ಹರಿದಾಗ ಅವರೇ ಸೈಕಲ್ ಟ್ಯೂಬ್ ಕತ್ತರಿಸಿ ರಿಂಗ್ ಮಾಡಿ ಹಾಕಿಕೊಂಡಿದ್ದರು. ಅದು ಜಾರಿ ಕ್ಯಾಸೆಟ್ ನಿಧಾನವಾಗಿ ತಿರುಗುತ್ತಿತ್ತು. ನಿಧಾನವಾದರೆ ದನಿ ದಪ್ಪಾಗುತ್ತದೆ. ರಿಂಗನ್ನು ಕಸದ ಬುಟ್ಟಿಗೆ ಎಸೆದು, ಹೊಸ ಬೆಲ್ಟ್ ಹಾಕಿ, ಬೇರೆ ಮಷೀನಿನಲ್ಲಿ ತುಂಬಿಸಿದ್ದ ಅವರದೇ ಭಜನೆಯ ಕ್ಯಾಸೆಟ್ ಹಚ್ಚಿದೆ.

ಯಜಮಾನರ ಮುಖ ಇಳಿಯಿತು. ‘ಇದು ನನ್ನ ದನಿ ಅಲ್ರಿ. ನಂದು ಗಡಸು ದನಿ.’

ಹಾಗಂದದ್ದೂ ಕ್ಯಾಸೆಟ್ಟಿನಲ್ಲಿದ್ದ ಅದೇ ಕೀರಲು ದನಿಯಲ್ಲಿ. ನಗು ನುಂಗಿಕೊಂಡು, ‘ಮಷೀನು ಈಗ ಖರೇ ಹೇಳಾಕತ್ತದ್ರಿ’ ಅಂದೆ.

‘ಖರೇ ಯಾರಿಗೆ ಬೇಕಾಗ್ಯದರಿ? ನಮ್ಮ ಅಳಿಯ ಈ ಟೇಪ್ ಒಯ್ದು ಕೇಳಿಸಿದ್ದಕ್ಕೇ ಅಫಜಲಪುರದ ಮಂದಿ ನನ್ನ ಭಜನಿಗೆ ಕರದಾರ. ಮೊದಲಿನಂಗ ಕೆಡಿಸಿ ಕೊಡ್ರಿ.’

ಬುಟ್ಟಿ ಬೋರಲು ಹಾಕಿ ರಿಂಗ್ ಹುಡುಕಿ ಮತ್ತೆ ಹಾಕಿದೆ. ದನಿ ದಪ್ಪಾಯಿತು, ಯಜಮಾನರ ಮುಖ ಅರಳಿತು.

‘ಅಲ್ಲಿ ನೀವೇ ಬಾಯಿಬಿಟ್ಟು ಹಾಡಬೇಕಲ್ರಿ, ಆಗೇನ್ ಮಾಡ್ತೀರಿ?’

‘ಮೊದಲು ಟೇಪ್ ಹಚ್ತೇನಿ. ಆಮ್ಯಾಲ ಗಂಟಲು ಕೂತದ ಅಂತೇನಿ.’

ನನ್ನ ಕೈಗೆ ಬಂದ ಮಷೀನು ಸರಿಯಾಗದೇ ಹೋಗಿಲ್ಲ ಅಂತ ಈಗಲೂ ಹೇಳುತ್ತೇನೆ. ‘ಒಂದೂ ಇಲ್ಲೇನ್ರಿ?’ ಅಂತ ಯಾರಾದರೂ ಕೇಳಿದರೆ ಮಾತ್ರ ನನಗೂ ಗಂಟಲು ಕೂರುತ್ತದೆ.