ವಾರಿಜಕ್ಕನ ಇಪ್ಪತ್ತನಾಲ್ಕು ದಿನಗಳ ಮೌನ

ಮನುಷ್ಯನನ್ನು ಉಳಿದ ಪ್ರಾಣಿಗಳಿಂದ ಬೇರೆ ಮಾಡುವುದು ಅವನ ಮಾತು ಎಂದು ತಿಳಿದವರು ಹೇಳುತ್ತಾರೆ. ಆ ಮಾತು ಹುಟ್ಟುವ ಜಾಗಕ್ಕೇ ಕನ್ನಡಿ ಹಿಡಿದು ಮೂವತ್ತೊಂದು ವರ್ಷ ನೋಡಿದವನು ನಾನು. ಅಲ್ಲಿ ನನಗೆ ಹೆಚ್ಚಾಗಿ ಕಂಡದ್ದು ಎಲೆಯಡಿಕೆಯ ಚೂರು.

ಕೊರೊನಾ ಹೋಗಿ ಮದುವೆ, ನಾಟಕ, ಧ್ವನಿವರ್ಧಕ ಮೂರೂ ಒಟ್ಟಿಗೆ ಮರಳಿ ಬಂದ ವರ್ಷವದು. ನಾನು ಮೂಡುಬಿದಿರೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯನಾಗಿದ್ದೆ. ಮಂಗಳವಾರಗಳಂದು ಬೆಳ್ತಂಗಡಿಯಲ್ಲಿಯೂ ಕುಳಿತುಕೊಳ್ಳುತ್ತಿದ್ದೆ. ಒಂದು ಸೋಮವಾರ ಬೆಳಿಗ್ಗೆ ವೇಣೂರಿನ ಬಸ್ಸಿನಲ್ಲಿ ಇಬ್ಬರು ಹೆಂಗಸರು ಬಂದರು. ಒಬ್ಬರು ಐವತ್ತಮೂರರ ವಾರಿಜಾ, ವೇಣೂರಿನಲ್ಲಿ ಟೈಲರ್. ಇನ್ನೊಬ್ಬಳು ಪುಷ್ಪಾ, ಅದೇ ಬೀದಿಯಲ್ಲಿ ಚಾದ ಹೋಟೆಲು ಇಟ್ಟವಳು. ವಾರಿಜಾ ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಆದ್ದರಿಂದ ಪುಷ್ಪಾ ಇಬ್ಬರ ಪಾಲನ್ನೂ ಮಾತಾಡಿದಳು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ.

"ನಿನ್ನೆ ತೋಡಾರಿನಲ್ಲಿ ನಾಟಕ ಇತ್ತು ಡಾಕ್ಟ್ರೇ. ಗಂಡನ ಹೆಣದ ಮುಂದೆ ಒಂದು ಬೊಬ್ಬೆ ಹಾಕಿದ್ರು ನೋಡಿ, ಹಿಂದೆ ಕಡ್ಲೆ ಮಾರುವವ ಕಡ್ಲೆ ಮಾರುದು ಬಿಟ್ಟ. ಮತ್ತೆ ಸ್ವರವೇ ಇಲ್ಲ."

ಈ ವಾರಿಜಕ್ಕ ಯಾರೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಮೂರು ಊರುಗಳಲ್ಲಿ ಅದು ಗೊತ್ತಿಲ್ಲದವನು ನಾನೊಬ್ಬನೇ ಎಂದು ಕಾಂಪೌಂಡರ್ ಆಮೇಲೆ ತಿಳಿಸಿದ. ತುಳು ರಂಗಭೂಮಿಯಲ್ಲಿ ಹೆಂಗಸಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಬಣ್ಣ ಹಚ್ಚಿದವರು. ದೇವಿ, ದಾದಿ, ಬಡ್ಡಿ ಸಾಹುಕಾರನ ಹೆಂಡತಿ, ಎಲ್ಲ ಆಗಿದೆ. ಒಮ್ಮೆ ಇನ್ಸ್‌ಪೆಕ್ಟರ್ ಪಾತ್ರದವನ ಬಸ್ಸು ಗುರುವಾಯನಕೆರೆಯಲ್ಲಿ ಕೆಟ್ಟು ನಿಂತಾಗ ಕಳ್ಳಿಯ ಪಾತ್ರದಲ್ಲಿದ್ದ ಅವರೇ ಖಾಕಿಯನ್ನೂ ತೊಟ್ಟು ತಮ್ಮನ್ನು ತಾವೇ ಹುಡುಕಿಕೊಂಡು ಹೋದರಂತೆ. ಹತ್ತು ವರ್ಷಗಳಿಂದ ಹೆಂಗಸರದೇ ತಂಡ ಕಟ್ಟಿ ನಿರ್ದೇಶಿಸುತ್ತಿದ್ದಾರೆ. ಈ ಕಥೆ ಬರೆಯುವಾಗ ಹೆಸರು ಬದಲಿಸುವ ಎಂದೆ. "ಮೂವತ್ತು ವರ್ಷ ಬಣ್ಣ ಹಚ್ಚಿದ್ದು ಹೆಸರು ಅಡಗಿಸ್ಲಿಕ್ಕಾ?" ಎಂದರು.

ಲ್ಯಾರಿಂಗೋಸ್ಕೋಪಿ ಮಾಡಿದೆ. ಅಂದರೆ ಸಪೂರ ಕೊಳವೆಯ ತುದಿಯ ಕ್ಯಾಮರಾದಿಂದ ಸ್ವರತಂತುಗಳನ್ನು ನೋಡುವುದು. ಬಿಳಿಯಾಗಿರಬೇಕಾದ ಎಡ ತಂತು ಬೀಟ್‌ರೂಟಿನ ಬಣ್ಣದಲ್ಲಿತ್ತು. ಇದಕ್ಕೆ ಹೆಮರೇಜ್ ಎನ್ನುತ್ತೇವೆ. ಅತಿ ಒತ್ತಡದಿಂದ ಪೊರೆಯ ಕೆಳಗಿನ ರಕ್ತನಾಳ ಒಡೆಯುತ್ತದೆ. ಸುಮ್ಮನಿದ್ದರೆ ರಕ್ತ ತಾನಾಗಿ ಇಂಗಿಹೋಗುತ್ತದೆ. ಸುಮ್ಮನಿರದಿದ್ದರೆ ಕಲೆಗಟ್ಟಿ ಸ್ವರ ಶಾಶ್ವತವಾಗಿ ಒಡೆಯುತ್ತದೆ.

"ಹದಿನಾಲ್ಕು ದಿನ ಮಾತಾಡಬಾರದು. ಪಿಸುಮಾತೂ ಆಗದು," ಎಂದೆ.

"ಇಪ್ಪತ್ತನಾಲ್ಕು ದಿನಕ್ಕೆ ಬಂಟ್ವಾಳದಲ್ಲಿ ನಾಟಕ ಸ್ಪರ್ಧೆ ಉಂಟಲ್ಲ?" ಎಂದಳು ಪುಷ್ಪಾ. "ಅದಕ್ಕೆ ಹೊಸ ನಾಟಕ, ಇವರೇ ಬರೆದದ್ದು, ಇವರೇ ಅಜ್ಜಿ. ಗಂಡ ಸತ್ತ ದಿವಸ ಅಜ್ಜಿ ಬಾಯಿ ಬಿಡುದು, ಅದೇ ನಾಟಕ."

ಸ್ಪರ್ಧೆಯ ವಿಷಯ ಹದಿನಾಲ್ಕು ದಿನ ಕಳೆದ ಮೇಲೆ ನೋಡುವ, ನಡುವೆ ಒಮ್ಮೆ ತೋರಿಸಿ ಎಂದು ಕಳಿಸಿದೆ. ಔದಾರ್ಯದ ಮುಖ ಮಾಡಿ ಹಾಗೆ ಹೇಳಿದೆನೆಂದು ನೆನಪು.

ಏಳನೆಯ ದಿನ ಪರೀಕ್ಷೆಗೆ ಬಂದರು. ಕ್ಯಾಮರಾ ಇಳಿಸಿದರೆ ಹೊಸ ರಕ್ತ! ನಾನು ರೇಗಿದೆ. ವಾರಿಜಕ್ಕ ಬ್ಯಾಗಿನಿಂದ ಸ್ಲೇಟು ತೆಗೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬರೆದರು: "ಒಂದು ಅಕ್ಷರ ಮಾತಾಡಲಿಲ್ಲ."

"ಮತ್ತೆ ಇದೆಂತ?"

ಅವರು ಅದನ್ನು ಒರೆಸಿ ಬರೆದರು: "ಅತ್ತದ್ದು ಮಾತ್ರ."

ಸೊಸೆಯ ಪಾತ್ರದವಳಿಗೆ ಅಳಲು ಬರುತ್ತಿರಲಿಲ್ಲವಂತೆ. ನಿರ್ದೇಶಕಿ ಅತ್ತು ತೋರಿಸಿದ್ದಾರೆ, ನಾಲ್ಕು ಸಲ. ಅಳು ಮಾತಲ್ಲವಲ್ಲ! ನನ್ನ ಚೀಟಿಯಲ್ಲಿ ಅಳಬಾರದೆಂದು ಬರೆದಿರಲಿಲ್ಲ ಎಂಬುದೂ ನಿಜ. ಅದನ್ನೂ ಸೇರಿಸಿ, ರಕ್ತ ಪೂರ್ತಿ ಹೋಗುವವರೆಗೆ ಮೌನ ಎಂದು ಚೀಟಿ ತಿದ್ದಿದೆ.

ಆ ಭಾನುವಾರ ನಾನೇ ತಾಲೀಮು ನೋಡಲು ಹೋದೆ. ಶಾಲೆಯ ಜಗಲಿ, ಆರು ಹೆಂಗಸರು. ಐದು ನಿಮಿಷದಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಅತ್ತೆ, ಸೊಸೆ, ನೆರೆಮನೆಯ ಗಂಡಸು, ಎಲ್ಲರೂ ಒಂದೇ ರಾಗದಲ್ಲಿ ಮಾತಾಡುತ್ತಿದ್ದರು. ವಾರಿಜಕ್ಕ ಕಲಿಸುವ ಪದ್ಧತಿಯೇ ಹಾಗೆ: ಪ್ರತಿ ಮಾತನ್ನೂ ತಾವು ಹೇಳಿ ತೋರಿಸುವುದು, ಅವರು ಹಾಗೆಯೇ ಒಪ್ಪಿಸುವುದು. ಆರು ಜನರಿಗೆ ಹೇಳಿಕೊಟ್ಟು, ಮೇಲೆ ತನ್ನ ಪಾತ್ರವನ್ನೂ ಆಡುವುದು. ನಮ್ಮಲ್ಲಿ ಮೈಕನ್ನು ಮೇಲಿನಿಂದ ಇಳಿಬಿಟ್ಟಿರುತ್ತಾರೆ, ನಟರು ಅದರ ಅಡಿಗೆ ಬಂದು ಮಾತಾಡುತ್ತಾರೆ. ಕರೆಂಟು ಹೋಗುವ ಕಾಲದಲ್ಲಿ ಕಲಿತ ವಾರಿಜಕ್ಕ ಮಾತ್ರ ಮೈಕನ್ನು ನಂಬಿದವರಲ್ಲ. ಒಂದು ಗಂಟಲು ಏಳು ಜನರ ಕೂಲಿ ಮಾಡುತ್ತಿತ್ತು.

ಅಂದು ಅಜ್ಜಿಯ ಮಾತುಗಳನ್ನು ಪುಷ್ಪಾ ಪುಸ್ತಕ ಹಿಡಿದು ಓದುತ್ತಿದ್ದಳು, ಬರೀ ಜಾಗ ತುಂಬಿಸಲು. ಮೊದಲು ಅವಳೂ ಅದೇ ರಾಗ ಎಳೆದಳು. ಮಧ್ಯೆ ಸುಸ್ತಾಗಿ ಅಜ್ಜಿಯ ದೊಡ್ಡ ಮಾತೊಂದನ್ನು, ಹೋಟೆಲಿನಲ್ಲಿ ಚಾ ಮುಗಿದಿದೆ ಎನ್ನುವ ಸ್ವರದಲ್ಲಿ ಹೇಳಿಬಿಟ್ಟಳು: "ನಲ್ವತ್ತು ವರ್ಷ ಇವರಿಗೆ ಗಂಜಿ ಬಡಿಸಿದೆ. ಉಪ್ಪು ಸಾಕಾ ಅಂತ ಒಂದು ದಿನ ನನ್ನನ್ನು ಕೇಳ್ಲಿಲ್ಲ."

ಎಲ್ಲರೂ ಅವಳ ಕಡೆ ತಿರುಗಿದರು. "ತಪ್ಪಿತಾ?" ಎಂದಳು ಪುಷ್ಪಾ. ವಾರಿಜಕ್ಕ ಸ್ಲೇಟನ್ನು ಕೆಳಗಿಟ್ಟರು. ಆಕೆಯನ್ನೇ ನೋಡಿದರು. ಆ ನೋಟದಲ್ಲಿ ಸಂತೋಷವೇ ಇತ್ತೆಂದು ನಾನು ಹೇಳಲಾರೆ.

ಸ್ಪರ್ಧೆಗೆ ಎರಡು ದಿನವಿರುವಾಗ ವಾರಿಜಕ್ಕ ಒಬ್ಬರೇ ಬೆಳ್ತಂಗಡಿಗೆ ಬಂದರು. ರಕ್ತ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಸ್ಲೇಟಿನಲ್ಲಿ ಮೊದಲೇ ಬರೆದು ತಂದಿದ್ದರು: "ಒಂದು ಗಂಟೆ ಕೊಡಿ. ಮತ್ತೆ ಮೂರು ತಿಂಗಳು ಬಾಯಿ ಮುಚ್ಚುತ್ತೇನೆ. ಈ ಅಜ್ಜಿಯನ್ನು ನನಗಾಗಿ ಬರೆದದ್ದು."

ಕೊಡಲು ನನ್ನಲ್ಲಿ ಗಂಟೆಗಳ ದಾಸ್ತಾನು ಇರಲಿಲ್ಲ. "ವಾರಿಜಕ್ಕ, ಹರಿದರೆ ಹೊಲಿಯಲಿಕ್ಕೆ ಅದು ಬಟ್ಟೆ ಅಲ್ಲ. ನೀವು ಟೈಲರ್, ನಾನು ಹೇಳಬೇಕಾ?" ಎಂದೆ. ಅವರು ಸೆರಗಿನಿಂದ ಸ್ಲೇಟು ಒರೆಸಿ ಹೊರಟರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಸ್ಪರ್ಧೆಯ ದಿನ ಮಧ್ಯಾಹ್ನ ಎರಡೂವರೆಗೆ ಬಂಟ್ವಾಳದ ಸಭಾಂಗಣದ ಮೂರನೆಯ ಸಾಲಿನಲ್ಲಿ ಕುಳಿತೆ. ಪರದೆ ಸರಿಯಿತು. ಅಜ್ಜಿಯಾಗಿ ಪುಷ್ಪಾ ಇದ್ದಳು. ನಾನು ಉಸಿರು ಬಿಟ್ಟು ವಾರಿಜಕ್ಕನನ್ನು ಸಭೆಯಲ್ಲಿ ಹುಡುಕಿದೆ, ಕಾಣಲಿಲ್ಲ. ಅವರು ರಂಗದ ಮೇಲೆಯೇ ಇದ್ದರು, ಚಾಪೆಯಲ್ಲಿ, ಮೂಗಿಗೆ ಹತ್ತಿ ಇಟ್ಟುಕೊಂಡು, ಬಿಳಿ ಮೀಸೆ ಅಂಟಿಸಿಕೊಂಡು. ಆ ನಾಟಕದಲ್ಲಿ ಮಾತಿಲ್ಲದ ಪಾತ್ರ ಗಂಡನ ಹೆಣದ್ದು ಒಂದೇ.

ಮುಕ್ಕಾಲು ಗಂಟೆ ಚೆನ್ನಾಗಿ ಹೋಯಿತು. ಆಮೇಲೆ ಪುಷ್ಪಾ ನಿಂತುಬಿಟ್ಟಳು. ಮಾತು ಮರೆತಿತ್ತು. ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದವಳೂ ಪುಟ ತಪ್ಪಿ ತಡಕಾಡುತ್ತಿದ್ದಳು. ಇಡೀ ನಾಟಕ ಬಾಯಿಪಾಠ ಇದ್ದ ಒಬ್ಬರು ಪುಷ್ಪಾಳ ಕಾಲ ಬುಡದಲ್ಲೇ ಮಲಗಿದ್ದರು. ಎರಡು ಶಬ್ದ ಪಿಸುಗುಟ್ಟಿದ್ದರೆ ಸಾಕಿತ್ತು. ಪಿಸುಮಾತನ್ನೂ ನಿಷೇಧಿಸಿದ ವೈದ್ಯ ಆ ಕ್ಷಣ, ಹೇಳಿಬಿಡಿ ಎಂದು ಒಳಗೊಳಗೇ ಬೇಡಿಕೊಂಡದ್ದನ್ನು ಇಲ್ಲಿ ದಾಖಲಿಸುತ್ತೇನೆ.

ಹೆಣದ ತುಟಿ ಅಲ್ಲಾಡಲಿಲ್ಲ. ಪುಷ್ಪಾ ಮೆಲ್ಲಗೆ ಕುಳಿತು, ಗಂಡನ ಕಾಲಿನಿಂದ ಜಾರಿದ್ದ ಬಟ್ಟೆಯನ್ನು ಸರಿಮಾಡಿದಳು. "ಎಂತ ಹೇಳ್ಬೇಕೋ ಮರ್ತುಹೋಯ್ತು ಮಾರಾಯ್ರೆ," ಎಂದಳು ಹೆಣಕ್ಕೆ. "ನೀವು ಇರುವಾಗ ಹೇಳ್ಲಿಕ್ಕೆ ಬಿಡ್ಲಿಲ್ಲ. ಈಗ ಕೇಳ್ಲಿಕ್ಕೆ ನೀವಿಲ್ಲ." ಅದು ಪುಸ್ತಕದಲ್ಲಿ ಇರಲಿಲ್ಲ. ನನ್ನ ಪಕ್ಕದವರು ಕನ್ನಡಕ ತೆಗೆದರು. ಹೆಣದ ಕಣ್ಣಿನ ಮೂಲೆಯಿಂದಲೂ ನೀರು ಇಳಿಯುತ್ತಿತ್ತು. ಸದ್ದಿಲ್ಲದ ಅಳುವಿಗೆ ಸ್ವರತಂತು ಬೇಕಿಲ್ಲ, ಆದ್ದರಿಂದ ನಾನು ಆಕ್ಷೇಪಿಸಲಿಲ್ಲ.

ವೃತ್ತಿ ಕಲಿಸಿದ್ದು ಇಷ್ಟು. ರೋಗಿಗೆ ಬಾಯಿ ಮುಚ್ಚಿ ಎನ್ನುವ ಮೊದಲು, ಆ ಬಾಯಿಂದ ಅವರು ದಿನವಿಡೀ ಏನು ಕೆಲಸ ಮಾಡುತ್ತಾರೆಂದು ಕೇಳಬೇಕು. ನಾನು ಕೇಳಿದ್ದರೆ ಎರಡನೆಯ ರಕ್ತಸ್ರಾವ ಆಗುತ್ತಿರಲಿಲ್ಲ. ಅದು ಅವರ ತಪ್ಪಲ್ಲ, ನನ್ನ ಚೀಟಿಯ ತಪ್ಪು.

ನಾಟಕಕ್ಕೆ ಎರಡನೆಯ ಬಹುಮಾನ ಬಂತು. ಆರನೆಯ ವಾರ ನೋಡಿದಾಗ ಎಡ ತಂತು ಬಿಳಿಯಾಗಿತ್ತು. ವಾರಿಜಕ್ಕ ಆಮೇಲೆ ನಾಲ್ಕು ನಾಟಕ ನಿರ್ದೇಶಿಸಿದ್ದಾರೆ, ಎರಡರಲ್ಲಿ ಅಭಿನಯಿಸಿದ್ದಾರೆ. ಅಜ್ಜಿಯ ಪಾತ್ರವನ್ನು ಈಗಲೂ ಪುಷ್ಪಾ ಮಾಡುತ್ತಾಳೆ.