ಬಾಬಿನ್ ಪರವಾಗಿ ಹಾಜರ್

ಹೊಲಿಗೆ ಯಂತ್ರ ಹೊತ್ತು ಮೆಟ್ಟಿಲೇರಿ ಬಂದವರು ಬಾಗಿಲಲ್ಲಿ ಅವಳನ್ನು ಕಂಡು, "ರಿಪೇರಿಯವರು ಇಲ್ವಾ?" ಎಂದು ಕೇಳುತ್ತಿದ್ದರು. "ಇದಾರೆ, ಕೂತ್ಕೊಳ್ಳಿ. ಕೈ ತೊಳ್ಕೊಂಡು ಬರ್ತಾರೆ" ಎಂದು ಹೇಳಿ ಅವಳು ಒಳಗೆ ಹೋಗುತ್ತಿದ್ದಳು. ಕೈ ತೊಳೆದುಕೊಂಡು ಹೊರಗೆ ಬರುತ್ತಿದ್ದವಳೂ ಅವಳೇ. ಇಪ್ಪತ್ತಾರು ವರ್ಷದಿಂದ ಅದೇ ತಮಾಷೆ, ಅವಳಿಗೆ ಬೇಸರ ಬಂದಿರಲಿಲ್ಲ.

ಅವಳಿಗೆ ಐವತ್ತೊಂದು. ಮದುವೆಯ ಗೋಜಿಗೆ ಹೋದವಳಲ್ಲ. ಮುಂದಿನ ಕೋಣೆ ಯಂತ್ರಗಳಿಗೆ, ಹಿಂದಿನದು ಅವಳಿಗೆ. ಯಂತ್ರ ಬಿಚ್ಚುವ ಮೊದಲು ಚಕ್ರ ತಿರುಗಿಸಿ, ಕಣ್ಣು ಮುಚ್ಚಿ ಆಲಿಸುತ್ತಿದ್ದಳು. "ಎಣ್ಣೆ ಕಂಡು ಆರು ತಿಂಗಳಾಯ್ತು ಇದು. ನಿಮ್ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ, ಇಷ್ಟು ಕೂಗ್ತಿದ್ರೂ?" ಎಂದು ಯಂತ್ರದ ಪರ ವಹಿಸಿ ಬೈಯುತ್ತಿದ್ದಳು.

ಅವಳ ನೆಂಟರು ಇಷ್ಟರು ಎಲ್ಲ ಮೊಬೈಲಿನೊಳಗಿದ್ದರು. ರಿಪೇರಿಯವರಿಗೆಂದೇ ಇದ್ದ ಒಂದು ತಾಣ. ಯಾವ ಬೆಲ್ಟು ಯಾವ ಯಂತ್ರಕ್ಕೆ ಎಂಬ ಪ್ರಶ್ನೆಗಳ ಕೆಳಗೆ, ಮೂಲೆಯಲ್ಲಿ, 'ಕೆಲಸ ಬಿಟ್ಟು ಬೇರೆ ಮಾತು' ಎಂಬ ವಿಭಾಗ. ಅಲ್ಲಿ ಯಂತ್ರದ ಸುದ್ದಿ ಎತ್ತಿದವರು ದಂಡವಾಗಿ ಒಂದು ಜೋಕು ಹೇಳಬೇಕು. ಅಲ್ಲಿ ಅವಳ ಹೆಸರು ಬಾಬಿನ್, ಹೊಲಿಗೆ ಯಂತ್ರದಡಿ ದಾರ ಸುತ್ತಿಡುವ ಪುಟ್ಟ ಉರುಳೆಯದು. ದಿನಕ್ಕೊಂದು ಸಲವಾದರೂ ಅವಳು ಓನರಮ್ಮನ ಕಥೆ ಹೇಳಲೇಬೇಕು. ಓನರಮ್ಮ ಅಂದರೆ ಪಕ್ಕದ ಮನೆಯಲ್ಲೇ ಇದ್ದ ಮನೆಯೊಡತಿ. ನಲ್ಲಿ ಬಿಗಿ ಮಾಡಿ ಎಂದು, ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಬೇಡಿ ಎಂದು, ಮೊಳೆ ಹೊಡೆಯುವ ಮುಂಚೆ ಕೇಳಿ ಎಂದು ಸದಾ ದೂರು ಹೊತ್ತು ಬರುವವಳು. "ಇವತ್ತು ಓನರಮ್ಮ ನನ್ನ ನೆರಳು ಗೋಡೆಗೆ ತಾಗಿದ್ದಕ್ಕೆ ಬಣ್ಣ ಹೋಯ್ತು ಅಂದ್ಲು" ಎಂದು ಬಾಬಿನ್ ಬರೆದರೆ ಹತ್ತಾರು ಜನ ಬಿದ್ದು ಬಿದ್ದು ನಗುತ್ತಿದ್ದರು.

ಎಲ್ಲರಿಗಿಂತ ಜೋರು ನಗು ದರ್ಜಿ ಮಾವನದು. ಎಪ್ಪತ್ತರ ಮುದುಕ, ಅಂಗಡಿ ಮುಚ್ಚಿದ ಮೇಲೂ ಬಾಯಿ ಮುಚ್ಚದವನು. ಇನ್ನೊಬ್ಬಳು ಜಿಪ್. ಕೈಗೂಸಿನ ತಾಯಿ, ಮನೆಯಲ್ಲೇ ಕೂತು ಹಳೆಯ ಬ್ಯಾಗುಗಳಿಗೆ ಜಿಪ್ ಹಾಕಿಕೊಡುವವಳು. ಬಾಬಿನ್‌ಗೆ ಅವಳೆಂದರೆ ಒಂದು ತೂಕ ಹೆಚ್ಚು ಅಕ್ಕರೆ. ಹಾಜರಿ ಶುರು ಮಾಡಿದವಳೂ ಅವಳೇ.

"ನಿಮ್ಮಲ್ಲಿ ಎಷ್ಟು ಜನ ಒಬ್ಬೊಬ್ಬರೇ ಇದೀರಿ. ಬಿದ್ರೆ ಎದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದು ಜಿಪ್ ಒಂದು ಪಟ್ಟಿ ಮಾಡಿದಳು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ 'ಹಾಜರ್' ಎನ್ನಬೇಕು. ಹನ್ನೆರಡರವರೆಗೆ ಹೆಸರಿನ ಮುಂದೆ ಖಾಲಿ ಉಳಿದರೆ, ಅವರು ಕೊಟ್ಟಿರುವ ಹತ್ತಿರದವರ ನಂಬರಿಗೆ ಅವಳು ಫೋನ್ ಮಾಡುತ್ತಾಳೆ. ಬಾಬಿನ್ ಬಹಳ ಹೊತ್ತು ಯೋಚಿಸಿದಳು. ಕೊಡಲು ಓನರಮ್ಮನ ನಂಬರ್ ಬಿಟ್ಟರೆ ಇನ್ನೊಂದಿರಲಿಲ್ಲ. ಅದನ್ನೇ ಕೊಟ್ಟಳು, ಅದರ ಮೇಲೂ ಒಂದು ಜೋಕು ಹೊಸೆದಳು.

ಮೊದಲ ತಿಂಗಳೇ ದರ್ಜಿ ಮಾವ ಮೈಮರೆತು ಮಲಗಿದ. ಜಿಪ್ ಅವನ ಸೊಸೆಗೆ ಫೋನ್ ಮಾಡಿದಳು. ಸೊಸೆ ಕೆಲಸ ಬಿಟ್ಟು ಓಡಿ ಬಂದು ನೋಡಿದರೆ ಮಾವ ಗೊರಕೆ ಹೊಡೆಯುತ್ತಿದ್ದಾನೆ. ಆ ದಿನ ಅವನಿಗೆ ಸಿಕ್ಕಿದ ಮಂಗಳಾರತಿ ಅಷ್ಟಿಷ್ಟಲ್ಲ.

"ನನ್ನ ಮಾನ ಹರಾಜಾಯ್ತು ತಾಯಿ" ಎಂದು ಅವನು ಗೋಳಿಟ್ಟ. ಆಗ ಬಾಬಿನ್ ಬರೆದಳು: "ಶಾಲೇಲಿ ಮಾಡ್ತಿದ್ವಲ್ಲ, ಹಾಗೆ ಮಾಡೋಣ ಬಿಡಿ ಮಾವ. ನೀವು ಏಳದಿದ್ರೆ ನಿಮ್ಮ ಪರವಾಗಿ ನಾನು ಹಾಜರ್ ಅಂತೀನಿ."

ಮಾರನೆಯ ದಿನದಿಂದ ಅದು ಆಟವಾಯಿತು. ಯಾರು ಯಾರ ಪರವಾಗಿ, ಏನು ನೆಪ ಹೇಳಿ ಕೂಗುತ್ತಾರೆ ಎಂಬುದೇ ಹಾಜರಿಗಿಂತ ಹೆಚ್ಚಿನ ಮಜಾ.

ಆ ಶನಿವಾರ ಬೆಳಿಗ್ಗೆ ಎಂಟೂವರೆಗೆ ಬಾಬಿನ್ ಬಕೆಟ್ಟಿಗೆ ನಲ್ಲಿ ಬಿಟ್ಟು, ಸ್ಟೂಲ್ ಹತ್ತಿ ಅಟ್ಟದ ಮೇಲಿನ ಬಿಡಿಭಾಗಗಳ ಡಬ್ಬಿಗೆ ಕೈ ಚಾಚಿದಳು. ಸ್ಟೂಲ್ ಜಾರಿತು. ಬಿದ್ದಾಗ ಸೊಂಟದೊಳಗೆ ಒಂದು ಸದ್ದಾಯಿತು. ಸದ್ದಿನಿಂದಲೇ ಏನು ಮುರಿದಿದೆ ಎಂದು ಹೇಳುವವಳಿಗೆ ಅದೂ ಗೊತ್ತಾಯಿತು.

ಕೆಳಗಿನ ಅಂತಸ್ತಿನಲ್ಲಿ ಮುದ್ರಣಾಲಯ. ಅದರ ಯಂತ್ರ ಗಡಗಡ ಎನ್ನುತ್ತಿತ್ತು. ಅದನ್ನು ಮೀರಿಸಿ ಅವಳು ಕೂಗಿದಳು, ಗಂಟಲು ಹರಿಯುವ ಹಾಗೆ. ಹತ್ತಕ್ಕೆ ಸ್ವಲ್ಪ ಮುಂಚೆ ಯಂತ್ರ ನಿಂತಿತು. ಶನಿವಾರ, ಅರ್ಧ ದಿನ. ಮುಚ್ಚಿಕೊಂಡು ಹೋದರೇನೋ ಎಂದುಕೊಂಡಳು. ಅಷ್ಟರಲ್ಲಿ ಕೈಗೆಟುಕದ ಮೇಜಿನ ಮೇಲಿದ್ದ ಮೊಬೈಲ್ ಟಿಣ್ ಎಂದಿತು. ಮತ್ತೆ ಟಿಣ್. ಹಾಜರಿಯ ಹೊತ್ತು.

ಅವಳಿಗೆ ಅಳು ಬಂದುಬಿಟ್ಟಿತು, ಸಮಾಧಾನಕ್ಕೆ. ಇನ್ನೆರಡು ಗಂಟೆ. ಹನ್ನೆರಡಕ್ಕೆ ಜಿಪ್ ಫೋನ್ ಮಾಡುತ್ತಾಳೆ, ಓನರಮ್ಮ ಗೊಣಗುತ್ತ ಬಾಗಿಲು ಬಡಿಯುತ್ತಾಳೆ. ಇನ್ನು ಕೂಗಿ ದಣಿಯುವುದೇಕೆ? ಕೈಗೆ ಸಿಕ್ಕ ಯಾರದೋ ಲಂಗದ ಬಟ್ಟೆಯನ್ನು ತಲೆಯ ಕೆಳಗೆ ಮಡಿಸಿಟ್ಟುಕೊಂಡು, ಹಲ್ಲು ಕಚ್ಚಿ, ಸುಮ್ಮನೆ ಮಲಗಿದಳು. ಬಕೆಟ್ ತುಂಬಿ ನೀರು ಬಚ್ಚಲಿಗೆ ಹರಿಯುತ್ತಲೇ ಇತ್ತು.

ಹನ್ನೆರಡಾಯಿತು. ಒಂದಾಯಿತು. ಯಾರೂ ಬರಲಿಲ್ಲ. ಮತ್ತೆ ಕೂಗೋಣವೆಂದರೆ ಗಂಟಲಲ್ಲಿ ಸ್ವರವೇ ಇರಲಿಲ್ಲ. ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಅವಳು ಯಾರಿಗೂ ಹೇಳಿಲ್ಲ. ಭಾನುವಾರ ಹತ್ತಕ್ಕೆ ಮೊಬೈಲ್ ಇನ್ನೊಮ್ಮೆ ಟಿಣ್ ಟಿಣ್ ಎಂದಿತು ಎಂದಷ್ಟೇ ಹೇಳುತ್ತಾಳೆ.

ಅವತ್ತು ಮಧ್ಯಾಹ್ನ ತಂಗಿಯ ಮನೆಯಿಂದ ವಾಪಸು ಬಂದ ಓನರಮ್ಮ ಕಾಲು ತೊಳೆಯಲು ಹೋದರೆ ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕಿನ ತಳ ಕಾಣುತ್ತಿತ್ತು. ನೇರ ಬಾಬಿನ್ ಬಾಗಿಲಿಗೆ ಬಂದು ಬಡಿದಳು. "ನಿಮ್ಮ ಕಿವಿಗೇನಾಗಿದೆ? ಇಡೀ ಟ್ಯಾಂಕು ಹರಿಸಿದೀರಲ್ಲ, ಊರಿಗೆಲ್ಲ ಸ್ನಾನ ಮಾಡಿಸ್ತಿದೀರಾ?" ಒಳಗಿನಿಂದ ಉತ್ತರವಿಲ್ಲ, ಏನೋ ನೆಲಕ್ಕೆ ತಟ್ಟುವ ಸದ್ದು ಮಾತ್ರ. ಚಿಲಕ ಒಡೆಸಿದಳು. ಒಳಗೆ ಕಂಡದ್ದಕ್ಕೆ ಅವಳ ಬೈಗುಳ ಅರ್ಧಕ್ಕೇ ನಿಂತಿತು.

ಆಸ್ಪತ್ರೆಯಲ್ಲಿ ಎರಡು ದಿನ ಕೂತವಳೂ ಅವಳೇ. ಅಲ್ಲಿಯೂ ಗೊಣಗಾಟ ತಪ್ಪಲಿಲ್ಲ. "ಶನಿವಾರ ಒಂದು ಗಂಟೆ ತನಕ ಪ್ರೆಸ್ಸಿನವರು ಕೆಳಗೇ ಇದ್ರು. ಮೆಶೀನು ನಿಲ್ಸಿ ಕಾಗದ ಮಡಿಸ್ತಾ ಕೂತಿದ್ರಂತೆ. ಒಂದು ಸೂಜಿ ಬಿದ್ರೂ ಕೇಳ್ಸೋದು. ನೀವು ಒಂದು ಸಲ ಕೂಗ್ಬಾರ್ದಿತ್ತಾ?"

ಬಾಬಿನ್ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಮೂರನೆಯ ದಿನ ಮೊಬೈಲ್ ಕೈಗೆ ಬಂತು. ಶನಿವಾರದ ಪಟ್ಟಿ ತೆರೆದಳು. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ದರ್ಜಿ ಮಾವ: "ಬಾಬಿನ್ ಪರವಾಗಿ ನಾನು ಹಾಜರ್. ಓನರಮ್ಮನ ಜತೆ ಯುದ್ಧದಲ್ಲಿದ್ದಾಳೆ, ಗೆದ್ದ ಮೇಲೆ ಬರ್ತಾಳೆ." ಕೆಳಗೆ ಹದಿನೇಳು ನಗು. ಭಾನುವಾರ ಇನ್ನೊಬ್ಬರು: "ಯುದ್ಧ ಎರಡನೇ ದಿನ." ಇಪ್ಪತ್ತೆರಡು ನಗು.

ನಡೆದದ್ದನ್ನು ಅವಳು ಅಲ್ಲೇ ಬರೆದಳು, ಒಂದೂ ಜೋಕಿಲ್ಲದೆ. ಮೊದಲ ಉತ್ತರ, "ಓನರಮ್ಮ ಸ್ಪೆಷಲ್ ಎಪಿಸೋಡಾ?" ಆಮೇಲೆ ಅಳುವ ಮುಖಗಳು ಸಾಲುಗಟ್ಟಿದವು. ದರ್ಜಿ ಮಾವ, "ನಾನು ಪಾಪಿ ತಾಯಿ" ಎಂದು ಬರೆದ. ಮೂಳೆಗೆ ಏನು ಒಳ್ಳೆಯದು ಎಂಬ ಮಾತು ಬಂತು. ಮಾತು ದಿಂಬಿಗೆ ತಿರುಗಿತು, ದಿಂಬಿನಿಂದ ಯಾರದೋ ಮನೆಯ ಬೆಕ್ಕಿಗೆ. ಸಂಜೆಯ ಹೊತ್ತಿಗೆ ಎಲ್ಲರೂ ಬೆಕ್ಕಿನ ಫೋಟೊ ಹಾಕುತ್ತಿದ್ದರು. ಬಾಬಿನ್ ಕೊನೆಯ ತನಕ ನೋಡಿದಳು. ಬೇರೆಯವರ ಮನೆಯ ಸಂಕಟದ ಸುದ್ದಿ ಬಂದಾಗ ತಾನೂ ಬೆಕ್ಕಿನ ಫೋಟೊ ಹಾಕಿದವಳೇ.

ಅವತ್ತೇ ಜಿಪ್ ಫೋನ್ ಮಾಡಿದಳು. ಐದು ವರ್ಷದ ಗೆಳೆತನದಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು. ತೆಳು ದನಿ.

"ಅಕ್ಕಾ, ಎಲ್ಲರ ಹೆಸರಿನ ಮುಂದೆಯೂ ಗುರುತು ಬಿದ್ದಿತ್ತು. ಯಾರು ಹಾಕಿದ್ರು ಅಂತ ನೋಡೋದನ್ನ ನಾನು ಬಿಟ್ಟು ಎಷ್ಟೋ ಕಾಲ ಆಯ್ತು. ಖಾಲಿ ಇದ್ರೆ ಮಾತ್ರ ನೋಡ್ತಿದ್ದೆ."

"ನಿನ್ನ ತಪ್ಪೇನಿದೆ ಅದ್ರಲ್ಲಿ? ಪರವಾಗಿ ಕೂಗೋ ಆಟ ಹೇಳಿಕೊಟ್ಟವಳೇ ನಾನು."

"ಇನ್ಮೇಲೆ ಅದು ಬೇಡ ಅಂತ ರೂಲ್ ಮಾಡ್ತೀನಿ."

"ಮಾಡು. ಹಾಗೇ ಪಟ್ಟಿಯಿಂದ ನನ್ನ ಹೆಸರು ತೆಗೆದ್ಬಿಡು."

"ಕೋಪಾನಾ ಅಕ್ಕಾ?"

"ಕೋಪ ಅಲ್ಲ. ಹತ್ತು ಗಂಟೆಗೆ ಮೊಬೈಲ್ ಟಿಣ್ ಅಂದಿತಲ್ಲ, ಆಗ ನಾನು ಕೂಗೋದು ನಿಲ್ಲಿಸ್ಬಿಟ್ಟೆ. ನೀವು ನೋಡ್ಕೊಳ್ತೀರಿ ಅಂತ. ಕೆಳಗೆ ಜನ ಇದ್ರಂತೆ, ಕಣೇ. ಮೂರು ಗಂಟೆ ಹೊತ್ತು ಇದ್ರಂತೆ. ಆ ಪಟ್ಟಿ ಇಲ್ದಿದ್ರೆ ನಾನು ಕೂಗ್ತಿದ್ದೆ."

ಜಿಪ್ ಹಿಂದೆ ಎಲ್ಲೋ ಕೂಸು ಅಳತೊಡಗಿತು. ಮೊದಲು ಸಣ್ಣಗೆ, ಆಮೇಲೆ ಹಟ ಹಿಡಿದು.

"ಹರಟೆಗಾದ್ರೂ ಬರ್ತೀರಿ ತಾನೆ?" ಎಂದು ಕೊನೆಗೆ ಜಿಪ್ ಕೇಳಿದಳು.

"ಮಗು ಅಳ್ತಿದೆ" ಎಂದಳು ಬಾಬಿನ್. "ಹೋಗಿ ಎತ್ಕೋ."